ಒಗೆಯಬಾರದಿದ್ದ ಬಟ್ಟೆ

ನಾನು ಬೆಳೆದದ್ದು ಗಂಟೆಯ ಸದ್ದಿನಲ್ಲಿ. ಧಾರವಾಡದ ಹೆಣ್ಣುಮಕ್ಕಳ ವಸತಿನಿಲಯದಲ್ಲಿ ಏಳುವುದಕ್ಕೊಂದು ಗಂಟೆ, ಹಾಸಿಗೆ ಸುತ್ತಿಡುವುದಕ್ಕೊಂದು, ಊಟಕ್ಕೊಂದು, ಓದಿಗೊಂದು. ಮುಂದೆ ಅಂಥದೇ ಇನ್ನೊಂದು ವಸತಿನಿಲಯಕ್ಕೆ ನಾನೇ ಮೇಲ್ವಿಚಾರಕಿಯಾದೆ. ಗಂಟೆ ಬಾರಿಸುವ ಅಧಿಕಾರ ನನ್ನ ಕೈಗೆ ಬಂತು. ನಿವೃತ್ತಿಯಾಗಿ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಕ್ಯಾಂಪ್‌ಬೆಲ್‌ನಲ್ಲಿ ಮಗಳ ಮನೆಯಲ್ಲಿ ನೆಲೆಸಿದ ಮೇಲೂ ನನ್ನ ದಿನ ಗಂಟೆಯ ಮೇಲೆಯೇ ನಡೆಯುತ್ತದೆ. ಎಲ್ಲರೂ ಏಳುವ ಮೊದಲು ಸ್ನಾನ. ತೊರೆಯ ಪಕ್ಕದ ಹಾದಿಯಲ್ಲಿ ನಡಿಗೆ. ಚಹಾ. ಆಮೇಲೆ ಮನೆಯ ಅಷ್ಟೂ ಬಟ್ಟೆ ಗರಾಜಿನ ಮಶೀನಿಗೆ. ಬಟ್ಟೆ ಒಗೆಯುವ ಕೆಲಸವನ್ನು ಈ ಮನೆಯಲ್ಲಿ ಯಾರೂ ನನಗೆ ವಹಿಸಲಿಲ್ಲ, ನಾನೇ ತೆಗೆದುಕೊಂಡೆ. ಇವರು ವಾರಕ್ಕೊಮ್ಮೆ ಒಗೆಯುತ್ತಿದ್ದರು. ಕೊಳೆ ಬಟ್ಟೆ ಬುಟ್ಟಿಯಲ್ಲಿ ಕೂತಿರುವಾಗ ನನಗೆ ಊಟ ಸೇರುತ್ತಿರಲಿಲ್ಲ.

ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಮುಂದಿನದು ತಿಳಿಯಲಿ ಎಂದು ಹೇಳುತ್ತಿದ್ದೇನೆ.

ಮೊಮ್ಮಗಳಿಗೆ ಹನ್ನೊಂದು ವರ್ಷ. ಅವಳಿಗೊಂದು ಬಿಳಿ ಮೊಲ. ಕೆಳಗಿನ ಕೋಣೆಯಲ್ಲಿ ತಂತಿಯ ಬೇಲಿ ಕಟ್ಟಿ, ಒಳಗೆ ಹುಲ್ಲು, ನೀರು, ಅಡಗಿಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ ಇಟ್ಟು ಸಾಕಿದ್ದಳು. ಮೊಲದ ಬಗ್ಗೆ ನನ್ನ ತಕರಾರೇನೂ ಇರಲಿಲ್ಲ. ಸದ್ದಿಲ್ಲ, ಗದ್ದಲವಿಲ್ಲ, ಹಿಕ್ಕೆಯನ್ನು ಒಂದೇ ಮೂಲೆಯಲ್ಲಿ ಹಾಕುತ್ತದೆ. ನನ್ನ ವಸತಿನಿಲಯದಲ್ಲಿ ಇದ್ದಿದ್ದರೆ ಅದಕ್ಕೆ ಶಿಸ್ತಿನ ಬಹುಮಾನ ಸಿಗುತ್ತಿತ್ತು.

ಹೋದ ವಸಂತದಲ್ಲಿ ಪಕ್ಕದ ಮನೆಯ ಹೆಂಗಸು ಊರು ಬಿಟ್ಟು ಹೊರಟಳು. ಅವಳದೊಂದು ಬೂದು ಬಣ್ಣದ ಬೆಕ್ಕು. ಹೊಸ ಅಪಾರ್ಟ್‌ಮೆಂಟಿನಲ್ಲಿ ಪ್ರಾಣಿ ಸಾಕಲು ಬಿಡುವುದಿಲ್ಲವಂತೆ. ಮೊಮ್ಮಗಳು ಅತ್ತು, ಊಟ ಬಿಟ್ಟು, ಅಪ್ಪನ ಕತ್ತಿಗೆ ಜೋತುಬಿದ್ದು ಬೆಕ್ಕನ್ನು ಮನೆಗೆ ತಂದಳು. ನನ್ನ ಮಗಳು ಕರಾರು ಹಾಕಿದಳು.

“ಬ್ಯಾಸಗಿ ರಜಾ ಶುರು ಆಗೂದ್ರಾಗ ಎರಡೂ ಹೊಂದ್ಕೊಂಡ್ರ ಬೆಕ್ಕು ನಮ್ಮದು. ಇಲ್ಲಂದ್ರ ಪ್ರಾಣಿಗಳ ಶೆಲ್ಟರಿಗೆ. ಮೊಲ ಮೊದಲ ಬಂದದ್ದು, ಅದಕ್ಕ ತ್ರಾಸ ಆಗಬಾರದು. ಆಮ್ಯಾಲೆ ಅತ್ತರ ನಾ ಕೇಳಂಗಿಲ್ಲ.”

“ಡೀಲ್,” ಎಂದಳು ಮೊಮ್ಮಗಳು, ಕೈ ಚಾಚಿ. ತಾಯಿ ಮಗಳು ಆಫೀಸಿನವರ ಹಾಗೆ ಕೈ ಕುಲುಕಿದರು.

ಆ ಹುಡುಗಿಗೆ ಇಷ್ಟು ಕ್ರಮ ಎಲ್ಲಿಂದ ಬಂತೋ ಎಂದು ನಾನು ಒಳಗೊಳಗೇ ಬೀಗಿದ್ದೆ. ಬೆಕ್ಕು ಮಹಡಿಯ ಅವಳ ಕೋಣೆಯಲ್ಲಿ, ಬಾಗಿಲು ಹಾಕಿ. ಮೊಲ ಕೆಳಗೆ. ಮೊದಲು ಕಣ್ಣಿಗೆ ಕಾಣಬಾರದು, ಮೂಗಿಗೆ ಮಾತ್ರ ಪರಿಚಯವಾಗಬೇಕು. ಅದಕ್ಕೆ ಎರಡು ಹಳೆಯ ಟವೆಲ್ಲು. ಒಂದರಿಂದ ಬೆಕ್ಕಿನ ಕೆನ್ನೆ, ಬೆನ್ನು ಒರೆಸಿ ಮೊಲದ ಹತ್ತಿರ ಇಡುವುದು, ಇನ್ನೊಂದರಿಂದ ಮೊಲವನ್ನು ಒರೆಸಿ ಬೆಕ್ಕಿನ ಹತ್ತಿರ. ವಾಸನೆ ಹಳತಾದ ಮೇಲೆ, ಬೇಲಿಯ ಈಚೆಯಿಂದ ಸ್ವಲ್ಪ ಸ್ವಲ್ಪ ನೋಡಿಸುವುದು. ನೋಡಿಸುವಾಗ ಯಾರಾದರೂ ದೊಡ್ಡವರು ಕೂತಿರಬೇಕು. ಇಷ್ಟನ್ನೂ ಅವಳು ಒಂದು ಬೆಳಿಗ್ಗೆ ನನಗೆ ವಿವರಿಸಿದಳು. ನಾನು ನಡಿಗೆಗೆ ಹೊರಟು ಬೂಟಿನ ದಾರ ಕಟ್ಟುತ್ತಿದ್ದೆ.

“ಅಜ್ಜಿ, ಲಿಸನ್. ಈ ಟವೆಲ್ ವಾಶ್ ಮಾಡ್ಬೇಡ. ಸ್ಮೆಲ್ ಇರ್ಬೇಕು. ಓಕೇ?”

“ಆತವಾ, ಆತು,” ಎಂದೆ.

ಮಾತು ಕಿವಿಗೆ ಬಿದ್ದಿತ್ತು. ಆದರೆ ನನ್ನ ಮನಸ್ಸು ಆಗಲೇ ತೊರೆಯ ಹಾದಿಯಲ್ಲಿತ್ತು. ಹೊತ್ತಾಗುತ್ತಿತ್ತು. ಮಕ್ಕಳ ಮಾತಿಗೆ ‘ಆತು’ ಎನ್ನುವುದು ನನಗೆ ಕೆಮ್ಮಿದಷ್ಟೇ ಸಲೀಸು. ಇಡೀ ವಸತಿನಿಲಯದ ಹುಡುಗಿಯರಿಗೆ ಹಾಗೆ ಹೇಳುತ್ತ ಬಂದವಳು ನಾನು.

ಅವಳು ಶಾಲೆಗೆ ಹೋಗುವ ಮುಂಚೆ ಬೆಕ್ಕನ್ನು ಒರೆಸಿ ಟವೆಲ್ಲನ್ನು ಮೊಲದ ಪಕ್ಕ ಇಡುತ್ತಿದ್ದಳು. ಅವಳ ತಾಯಿಯ ಕಾರು ಬೀದಿಯ ತಿರುವು ದಾಟುತ್ತಿದ್ದ ಹಾಗೆ ನಾನು ಬುಟ್ಟಿ ಹಿಡಿದು ಮನೆ ಸುತ್ತುತ್ತಿದ್ದೆ. ಆ ಎರಡು ಟವೆಲ್ಲು ಕಂಡರೆ ನನ್ನ ಮೈ ಮುದುಡುತ್ತಿತ್ತು: ಕೂದಲು, ಹುಲ್ಲಿನ ಚೂರು, ಒಂಥರಾ ಬೆಚ್ಚಗಿನ ನಾತ. ತೆಗೆದುಕೊಂಡು ಮಶೀನಿಗೆ ಹಾಕುತ್ತಿದ್ದೆ. ಒಣಗಿಸಿ, ನಾಲ್ಕು ಮಡಿಕೆ ಮಾಡಿ, ಅವಳು ಎಲ್ಲಿ ಇಟ್ಟಿದ್ದಳೋ ಅಲ್ಲೇ ಇಡುತ್ತಿದ್ದೆ. ಅಜ್ಜಿ ಕೊಡವಿ ಮಡಿಸಿಟ್ಟಿದ್ದಾಳೆ ಎಂದುಕೊಂಡಳು ಹುಡುಗಿ. ಸಾಬೂನಿನ ಹೂವಿನ ವಾಸನೆ ನನ್ನ ದೆಸೆಯಿಂದ ಇಡೀ ಮನೆಗೇ ಹತ್ತಿಕೊಂಡಿದ್ದರಿಂದ ಟವೆಲ್ಲಿನದು ಬೇರೆಯಾಗಿ ಯಾರ ಮೂಗಿಗೂ ತಿಳಿಯಲಿಲ್ಲ. ಮೊಲಕ್ಕೂ ಬೆಕ್ಕಿಗೂ ತಿಳಿದಿರಬೇಕು. ಅವು ಹೇಳುವಂತಿರಲಿಲ್ಲ.

ಬೇಲಿಯ ಈಚೆಯಿಂದ ನೋಡಿಸುವ ದಿನ ಬಂತು. ಬೆಕ್ಕು ಅಲುಗಾಡದೆ ದಿಟ್ಟಿಸಿತು, ಬಾಲದ ತುದಿ ಮಾತ್ರ ಅತ್ತಿತ್ತ ಆಡುತ್ತಿತ್ತು. ಮೊಲ ಹಿಂಗಾಲಿನಿಂದ ನೆಲಕ್ಕೆ ಧಪ್ಪೆಂದು ಬಡಿಯಿತು. ಅಷ್ಟು ಸಣ್ಣ ಪ್ರಾಣಿಯಿಂದ ಅಷ್ಟು ದೊಡ್ಡ ಸದ್ದು ಬರಬಹುದೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಅದು ಪೆಟ್ಟಿಗೆಯೊಳಗೆ ಸೇರಿಕೊಂಡದ್ದು ಹೊರಗೆ ಬರಲಿಲ್ಲ. ಮರುದಿನವೂ ಹಾಗೇ. ವಾರ ಕಳೆದರೂ ಹಾಗೇ.

“ಐ ಆಮ್ ಡೂಯಿಂಗ್ ಸಮ್‌ಥಿಂಗ್ ರಾಂಗ್,” ಎಂದು ಮೊಮ್ಮಗಳು ಮೆಟ್ಟಿಲ ಮೇಲೆ ಕೂತು ಬೆಕ್ಕಿಗೆ ಹೇಳುತ್ತಿದ್ದಳು.

ಒಂದು ಭಾನುವಾರ ಉಪ್ಪಿಟ್ಟಿಗೆ ಎಲ್ಲರೂ ಕೂತಿದ್ದೆವು. ಅಳಿಯ ಬೆಂಗಳೂರಿನವರು, ಮೆಲುಮಾತಿನವರು. ಮಗಳ ತಲೆ ನೇವರಿಸುತ್ತ ಕೇಳಿದರು.

“ಇಷ್ಟೊತ್ತಿಗೆ ಮೊಲಕ್ಕೆ ಬೆಕ್ಕಿನ ವಾಸನೆ ಅಭ್ಯಾಸ ಆಗ್ಬೇಕಿತ್ತಲ್ಲ ಪುಟ್ಟಿ? ಟವೆಲ್ ಡೈಲಿ ಇಡ್ತಿದೀಯ ತಾನೇ?”

“ಯಾ ಅಪ್ಪಾ. ಎವ್ರಿ ಸಿಂಗಲ್ ಡೇ.”

“ಹಂಗಾದ್ರೆ ಪ್ರಾಬ್ಲಮ್ಮು ಬೆಕ್ಕಲ್ಲೇ ಇರ್ಬೇಕು ಕಣೆ. ಕೆಲವು ಬೆಕ್ಕು ಹಂಗೇ.”

ನಾನು ಅವರ ತಾಟಿಗೆ ಚಟ್ನಿ ಬಡಿಸುತ್ತಿದ್ದೆ. ಬೂಟಿನ ದಾರ, ‘ವಾಶ್ ಮಾಡ್ಬೇಡ’, ‘ಆತವಾ’, ಎಲ್ಲವೂ ಒಟ್ಟಿಗೆ ನೆನಪಿಗೆ ಬಂದವು.

“ಅವ್ವಾ, ಸಾಕು! ಉಪ್ಪಿಟ್ಟು ಎಲ್ಲೆದ ಅಂತ ಹುಡುಕಬೇಕು ಅವರು,” ಎಂದಳು ಮಗಳು.

ಎಲ್ಲರೂ ನಕ್ಕರು. ನಾನೂ ನಕ್ಕೆ.

ವಸತಿನಿಲಯದಲ್ಲಿ ಏನಾದರೂ ಒಡೆದಿದ್ದರೆ, ಕಳೆದಿದ್ದರೆ, ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳುತ್ತಿದ್ದೆ: ಮಾಡಿದವರು ಕೈ ಎತ್ತಿ. ಯಾರಾದರೂ ಎತ್ತುವವರೆಗೆ ಊಟದ ಗಂಟೆ ಬಾರಿಸುತ್ತಿರಲಿಲ್ಲ. ಎಂಟು ವರ್ಷದ ಕೂಸುಗಳು ಅಳುತ್ತ ಕೈ ಎತ್ತಿದ್ದನ್ನು ನೋಡಿದ್ದೇನೆ. ಆ ಭಾನುವಾರ ನನ್ನ ಕೈಯಲ್ಲಿ ಚಟ್ನಿಯ ಚಮಚವಿತ್ತು, ಅದನ್ನು ಕೆಳಗಿಡಲೂ ಇಲ್ಲ, ಮೇಲೆತ್ತಲೂ ಇಲ್ಲ.

ಮರುದಿನದಿಂದ ಟವೆಲ್ಲು ಒಗೆಯುವುದನ್ನು ನಿಲ್ಲಿಸಿದೆ. ಬಾಯಿ ಮಾತ್ರ ಬಿಡಲಿಲ್ಲ. ಬೇಸಿಗೆ ರಜೆ ಹತ್ತಿರ ಬಂದಿತ್ತು. ಮೂಗಿನ ಪರಿಚಯ ಈಗ ಶುರುವಾದರೆ ಮುಗಿಯುವುದು ಯಾವಾಗ? ಹಾಳು ಮಾಡಿದ ದಿನಗಳನ್ನು ನಾನೇ ಹೇಗಾದರೂ ಕೂಡಿಸಿಕೊಟ್ಟುಬಿಟ್ಟರೆ ಹೇಳುವ ಅಗತ್ಯವೇ ಬೀಳುವುದಿಲ್ಲ ಎಂದು ಲೆಕ್ಕ ಹಾಕಿದೆ. ಮಾಡಿದ್ದಕ್ಕಿಂತ ಆ ಲೆಕ್ಕಕ್ಕೆ ಈಗ ಹೆಚ್ಚು ನಾಚುತ್ತೇನೆ.

ನನ್ನ ಬಳಿ ಒಂದು ಉಪಾಯವಿತ್ತು, ವರ್ಷಾನುಗಟ್ಟಲೆ ನಡೆಸಿ ನೋಡಿದ್ದು. ಜಗಳಾಡಿದ ಇಬ್ಬರು ಹುಡುಗಿಯರನ್ನು ಊಟದ ಪಂಕ್ತಿಯಲ್ಲಿ ಮಗ್ಗುಲಿಗೆ ಮಗ್ಗುಲು ಕೂಡಿಸುತ್ತಿದ್ದೆ. ಮೊದಲು ಮುಖ ತಿರುಗಿಸಿ ಕೂರುತ್ತಿದ್ದರು. ಮಜ್ಜಿಗೆ ಅನ್ನಕ್ಕೆ ಬರುವಷ್ಟರಲ್ಲಿ ಒಬ್ಬಳ ಉಪ್ಪಿನಕಾಯಿ ಇನ್ನೊಬ್ಬಳ ತಾಟಿನಲ್ಲಿರುತ್ತಿತ್ತು. ಒಂದೇ ಪಂಕ್ತಿಯಲ್ಲಿ ಉಂಡವರು ವೈರಿಗಳಾಗಿ ಉಳಿಯುವುದಿಲ್ಲ ಎಂದು ನಾನು ನಂಬಿದ್ದೆ. ಹುಡುಗಿಯರ ಮಟ್ಟಿಗೆ ಈಗಲೂ ನಂಬುತ್ತೇನೆ.

ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ ಮಹಡಿಗೆ ಹೋಗಿ ಬೆಕ್ಕನ್ನು ಎತ್ತಿಕೊಂಡು ಬಂದೆ. ಬೇಲಿಯ ಬಾಗಿಲು ತೆಗೆದೆ. ಎರಡು ಬಟ್ಟಲನ್ನು ಅಕ್ಕಪಕ್ಕ ಇಟ್ಟೆ, ಒಂದರಲ್ಲಿ ಬೆಕ್ಕಿನ ಊಟ, ಒಂದರಲ್ಲಿ ಕೊತ್ತಂಬರಿ. ಬೆಕ್ಕು ತಿನ್ನತೊಡಗಿತು. ಮೊಲ ಮೂಲೆಯಲ್ಲಿ ಕಲ್ಲಾಗಿತ್ತು. “ಬಾ, ಉಣ್ಣು ಬಾ,” ಎಂದು ನಾನು ಅದನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದೆ.

ಅದು ಹಾರಿ ಓಡಿತು. ಓಡುವುದನ್ನು ಕಂಡ ಬೆಕ್ಕು ಬೆನ್ನು ಹತ್ತಿತು. ಮೊಲ ಪೆಟ್ಟಿಗೆಯೊಳಗೆ ನುಗ್ಗಿತು, ಹಿಂದೆಯೇ ಬೆಕ್ಕೂ.

ಆ ಪೆಟ್ಟಿಗೆಗೆ ಮೊಮ್ಮಗಳು ಎರಡು ಬಾಗಿಲು ಕತ್ತರಿಸಿದ್ದಳು. ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ತಪ್ಪಿಸಿಕೊಳ್ಳಲಿ ಎಂದು ಬೇಲಿಯ ನಡುವೆ ಓರೆಯಾಗಿ ಇಟ್ಟಿದ್ದಳು. ಕಸ ಹೊಡೆಯಲು ಅಡ್ಡವಾಗುತ್ತದೆಂದು ನಾನು ಅದನ್ನು ದಿನಾ ಗೋಡೆಗೆ ಒತ್ತಿ ನೆಟ್ಟಗೆ ಇಡುತ್ತಿದ್ದೆ. ಅವಳು ಬಂದು ಮತ್ತೆ ನಡುವಿಗೆ ಎಳೆಯುತ್ತಿದ್ದಳು. ಅವತ್ತು ಅದು ನಾನಿಟ್ಟ ಹಾಗೆ ಇತ್ತು. ಎರಡನೆಯ ಬಾಗಿಲಿಗೆ ಗೋಡೆ.

ಪೆಟ್ಟಿಗೆಯೊಳಗಿನ ಆ ಧಡಬಡ ಸದ್ದು ಹೇಗಿತ್ತೆಂದು ಬರೆಯಲಾರೆ. ನಾನು ಚಪ್ಪಾಳೆ ತಟ್ಟಿ ಕೂಗಿದೆ, ಅದರಿಂದ ಎರಡೂ ಇನ್ನಷ್ಟು ಬೆದರಿದವು. ಕೊನೆಗೆ ಪೆಟ್ಟಿಗೆಯನ್ನೇ ಎತ್ತಿ ಒಗೆದು ಬೆಕ್ಕನ್ನು ಹಿಡಿದೆ. ಅದನ್ನು ಮಹಡಿಗೆ ಒಯ್ದು ಬಾಗಿಲು ಹಾಕಿ ಬಂದು ನೋಡಿದರೆ ಮೊಲದ ತೊಡೆಯ ಮೇಲೆ ಒಂದು ಗೀರು. ರಕ್ತ ಹೆಚ್ಚಿರಲಿಲ್ಲ. ನಮ್ಮ ಕೈಗೆ ಈಳಿಗೆ ತಾಗಿದರೆ ಏನು ಮಾಡುತ್ತೇವೆಯೋ ಅದನ್ನೇ ಮಾಡಿದೆ. ಡಬ್ಬಿ ತೆಗೆದು ಅರಿಶಿನ ಒತ್ತಿದೆ. ನೆಲ ಒರೆಸಿದೆ. ಬಟ್ಟಲು ತೊಳೆದೆ. ಪೆಟ್ಟಿಗೆಯನ್ನು ಬೇಲಿಯ ನಡುವೆ, ಅವಳಿಡುವ ಹಾಗೆ ಓರೆಯಾಗಿಯೇ ಇಟ್ಟೆ. ಏನೂ ನಡೆದಿಲ್ಲವೆನ್ನುವಂತೆ ಎಲ್ಲವೂ ಅಚ್ಚುಕಟ್ಟಾಯಿತು, ಬಿಳಿ ಮೊಲದ ಮೇಲಿನ ಅಂಗೈಯಗಲ ಹಳದಿಯೊಂದನ್ನು ಬಿಟ್ಟು.

ಮೊಮ್ಮಗಳು ಶಾಲೆಯಿಂದ ಬಂದವಳೇ ಬೇಲಿಯ ಹತ್ತಿರ ಮಂಡಿಯೂರಿದಳು.

“ಅಜ್ಜಿ! ವೈ ಈಸ್ ಶೀ ಯೆಲ್ಲೋ?”

“ಸ್ವಲ್ಪ ತರಚ್ಯದ. ಅರಿಶಿಣ ಹಚ್ಚೇನಿ. ಕಡಿಮಿ ಆಗ್ತದ ತಗೋ.”

“ಹೆಂಗ್ ಆಯ್ತು?”

“ಬೆಕ್ಕು ಹೊರಗ ಬಂದಿತ್ತು,” ಎಂದೆ.

ಒಂದೊಂದು ಶಬ್ದವಾಗಿ ನೋಡಿದರೆ ಅದು ಸುಳ್ಳಲ್ಲ. ಹುಡುಗಿಯ ಮುಖ ನೋಡಿದಾಗ ಅದು ಎಂಥ ಸುಳ್ಳೆಂದು ತಿಳಿಯಿತು. ಅವಳು ಮೆಟ್ಟಿಲ ಕಡೆ, ಮೇಲೆ ತನ್ನ ಕೋಣೆಯ ಕಡೆ ನೋಡಿದಳು. ಬೆಳಿಗ್ಗೆ ತಾನು ಬಾಗಿಲು ಸರಿಯಾಗಿ ಹಾಕಲಿಲ್ಲವೇನೋ ಎಂದು ನೆನಪು ಮಾಡಿಕೊಳ್ಳುತ್ತಿದ್ದಳು. ನಾನು ನೋಡುತ್ತ ನಿಂತೆ.

ಮೊಲ ಹುಲ್ಲು ಮುಟ್ಟುತ್ತಿರಲಿಲ್ಲ. ಮಗಳು ಆಫೀಸಿನಿಂದ ಧಾವಿಸಿ ಬಂದಳು. ಮೊಲಗಳನ್ನು ನೋಡುವ ವೈದ್ಯರು ಎಲ್ಲ ಕಡೆ ಇರುವುದಿಲ್ಲ, ಫ್ರೀವೇ ಹಿಡಿದು ಹೋಗಬೇಕಾಯಿತು. ಬೆಕ್ಕಿನ ಉಗುರಿನ ಕೊಳೆ ಮೊಲಕ್ಕೆ ಬಹಳ ಕೆಟ್ಟದ್ದು, ಗೀರು ಎಷ್ಟೇ ಸಣ್ಣದಿರಲಿ ಕೂಡಲೇ ತರಬೇಕಿತ್ತು ಎಂದರು ಅಲ್ಲಿನ ವೈದ್ಯೆ. ಮೊಲ ತಿನ್ನುವುದು ನಿಲ್ಲಿಸಿದರೆ ಅದರ ಕರುಳೂ ನಿಂತುಹೋಗುತ್ತದಂತೆ. ಅದು ಗೀರಿಗಿಂತ ದೊಡ್ಡ ಅಪಾಯ. ಅರಿಶಿನವನ್ನು ಬೇಸರವಿಲ್ಲದೆ ನಿಧಾನವಾಗಿ ತೊಳೆದು ತೆಗೆದರು. ಪುಡಿ ಹೋಯಿತು, ಬಣ್ಣ ಉಳಿಯಿತು. ಔಷಧ, ಸಿರಿಂಜಿನಲ್ಲಿ ಹಿಂಡಿ ತಿನ್ನಿಸುವ ಗಂಜಿ ಕೊಟ್ಟು ಕಳಿಸಿದರು.

ವಾಪಸು ಬರುವಾಗ ಮಗಳು ಸ್ಟಿಯರಿಂಗ್ ಹಿಡಿದು ಬೈಯುತ್ತಿದ್ದಳು.

“ಬಾಗಲಾ ಹಾಕ್ಕೋ ಅಂತ ಎಷ್ಟ್ ಸಲ ಹೇಳ್ಬೇಕು ನಿನಗ? ಕಿವಿ ಎಲ್ಲಿ ಇಟ್ಟಿರ್ತಿ?”

“ಐ ಥಾಟ್ ಐ ಡಿಡ್, ಅಮ್ಮ.”

“ಥಾಟ್ ಅಂತ, ಥಾಟ್! ಶನಿವಾರ ಬೆಕ್ಕು ಶೆಲ್ಟರಿಗೆ. ಮುಗೀತು.”

ಹಿಂದಿನ ಸೀಟಿನಲ್ಲಿ ಮೊಲದ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡ ಹುಡುಗಿ ಅಳಲೂ ಇಲ್ಲ. ನಾನು ಮುಂದಿನ ಸೀಟಿನಲ್ಲಿ ಕೈಕಟ್ಟಿ ಕೂತಿದ್ದೆ. ಫ್ರೀವೇಯಿಂದ ಇಳಿಯುವ ನಮ್ಮ ಎಕ್ಸಿಟ್ಟು ಬಂತು, ಬೀದಿ ಬಂತು, ಮನೆ ಬಂತು.

ಮರುದಿನ ಬೆಳಿಗ್ಗೆ ಬುಟ್ಟಿ ಹಿಡಿದು ಹೊರಟಾಗ ಮೊಮ್ಮಗಳೇ ಎದುರಿಗೆ ಬಂದಳು. ಎರಡು ಟವೆಲ್ಲನ್ನೂ ತಂದು ಬುಟ್ಟಿಗೆ ಹಾಕಿದಳು.

“ವಾಶ್ ಮಾಡು ಅಜ್ಜಿ. ಇನ್ನ ಬೇಡ.”

ಕೂದಲು ಮೆತ್ತಿದ, ನಾತದ ಟವೆಲ್ಲುಗಳು. ಕೆಲವೇ ದಿನಗಳ ನಾತ, ನಾನು ಒಗೆಯದೆ ಬಿಟ್ಟ ಮೇಲಿನದು. ಅವನ್ನು ಬುಟ್ಟಿಯಿಂದ ತೆಗೆದೆ. ಮಗಳು ತಿಂಡಿಯ ಮೇಜಿನಲ್ಲಿದ್ದಳು. ಅಳಿಯ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ರೈಲಿಗೆ ಹೊತ್ತಾಯಿತೆಂದು ನಿಂತೇ ಕಾಫಿ ಕುಡಿಯುತ್ತಿದ್ದರು. ಟವೆಲ್ಲುಗಳನ್ನು ಮೇಜಿನ ಮೇಲಿಟ್ಟೆ. ತಿಂಡಿಯ ಮೇಜಿನ ಮೇಲೆ ಅಂಥದ್ದನ್ನು ನಾನು ಇಟ್ಟದ್ದು ನೋಡಿಯೇ ಅಳಿಯ ಕಾಫಿಯ ಲೋಟ ಕೆಳಗಿಟ್ಟರು.

“ಬಾಗಲಾ ಆಕಿ ಹಾಕಿದ್ಲು. ತಗದಾಕಿ ನಾನು. ಬೆಕ್ಕು ತಂದಾಕಿ ನಾನು. ಮತ್ತ ಈ ಟವೆಲ್ಲು...” ಎಂದು ಬೂಟಿನ ದಾರದಿಂದ ಹಿಡಿದು ಹೇಳಿದೆ.

“ಎವ್ರಿ ಡೇ ವಾಶ್ ಮಾಡಿದ್ಯಾ?” ಎಂದಳು ಮೊಮ್ಮಗಳು.

“ದಿನಾ.”

“ಅಪ್ಪ ಬೆಕ್ಕೇ ಪ್ರಾಬ್ಲಮ್ ಅಂದ್ರಲ್ಲ. ಯು ಹರ್ಡ್ ದಟ್?”

“ಕೇಳಿದ್ದೆ.”

“ಬಿಡಿ ಅತ್ತೆ, ಗೊತ್ತಿಲ್ದೆ ಆಗಿದ್ದಲ್ವಾ,” ಎಂದರು ಅಳಿಯ.

“ಗೊತ್ತಿಲ್ದ ಆಗಿದ್ದು ಅರ್ಧ. ಇನ್ನರ್ಧ ಗೊತ್ತಿದ್ದು ಆಗಿದ್ದು. ನೀವು ಅದನ್ನ ಮುಚ್ಚಿ ಹಾಕಬ್ಯಾಡ್ರಿ.”

ಮಗಳು ನನ್ನನ್ನು ನೋಡಲಿಲ್ಲ. ಎದ್ದು ಹೋಗಿ ತನ್ನ ಮಗಳನ್ನು ತಬ್ಬಿಕೊಂಡು, ಬಾಗಿಲಿಗಾಗಿ ಬೈದದ್ದಕ್ಕೆ ತಪ್ಪಾಯಿತೆಂದಳು. ಮಗಳು ಚಿಕ್ಕವಳಾಗಿದ್ದಾಗ ನಾನು ಅವಳಿಗೆ ಎಂದೂ ಹಾಗೆ ಹೇಳಿದ್ದಿಲ್ಲ. ಮೊಮ್ಮಗಳು ಶಾಲೆಗೆ ಹೋದಳು. ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ಔಷಧದ ಹೊತ್ತಿಗೆ ಮೊಲವನ್ನು ಹಿಡಿದುಕೊಳ್ಳಲು ಮಾತ್ರ ನನ್ನನ್ನು ಕೈಸನ್ನೆ ಮಾಡಿ ಕರೆಯುತ್ತಿದ್ದಳು, ನಾನು ಹೋಗಿ ಹಿಡಿದುಕೊಳ್ಳುತ್ತಿದ್ದೆ.

ಶನಿವಾರ ಬೆಕ್ಕು ಹೋಗಲಿಲ್ಲ. ಕರಾರು ಬೇಸಿಗೆಯ ಕೊನೆಯವರೆಗೆ ಮುಂದಕ್ಕೆ ಹೋಯಿತು. ಮೊಲ ಮತ್ತೆ ಹುಲ್ಲು ಕಡಿಯತೊಡಗಿದ ದಿನ ಹುಡುಗಿ ನನ್ನ ಮುಂದೆ ಬಂದು ನಿಂತಳು.

“ಅಜ್ಜಿ, ನೋ ವಾಶಿಂಗ್. ನೋ ಅರೇಂಜಿಂಗ್. ಏನ್ ಮಾಡೋದಿದ್ರೂ ಫಸ್ಟ್ ನನ್ನ ಕೇಳು.”

“ಆತು” ಎನ್ನಲು ಬಾಯಿ ತೆರೆದವಳು ನಿಲ್ಲಿಸಿದೆ. ಅವಳು ಹೇಳಿದ್ದನ್ನು ಮೊದಲಿನಿಂದ ಒಪ್ಪಿಸಿದೆ, ಮಗ್ಗಿ ಒಪ್ಪಿಸಿದ ಹಾಗೆ.

ಎಲ್ಲವೂ ಮೊದಲಿನಿಂದ ಶುರುವಾಯಿತು. ಅವಳು ಮೂಗಿನ ಪರಿಚಯಕ್ಕೆ ಎಷ್ಟು ದಿನ ಬೇಕೋ ಅಷ್ಟು ಕೊಟ್ಟಳು. ಬೆಕ್ಕಿನ ಉಗುರಿನ ತುದಿ ಕತ್ತರಿಸಿದರು, ಅದಕ್ಕೊಂದು ಎದೆಪಟ್ಟಿ ಹಾಕಿ ಹಗ್ಗ ಕಟ್ಟಿದರು. ಬೇಲಿಯ ಹೊರಗೆ ಹಗ್ಗ ಹಿಡಿದು ಕೂರುವ ಕೆಲಸ ನನಗೆ ಬಂತು. ಬಾಲದ ತುದಿ ಆಡತೊಡಗಿದರೆ ಬೆಕ್ಕಿನ ಗಮನ ಬೇರೆಡೆಗೆ ತಿರುಗಿಸಬೇಕು. ಮೊಲ ಕಾಲು ಬಡಿದರೆ ಅವತ್ತಿನ ಪಾಠ ಮುಗಿಯಿತು. ಗಡಿಯಾರ ನೋಡುವಂತಿಲ್ಲ. ಅದೊಂದು ನನಗೆ ಬಹಳ ಕಷ್ಟವಾಯಿತು. ಕೊನೆಗೊಂದು ದಿನ ಬೆಕ್ಕು ಮೊಲಕ್ಕೆ ಬೆನ್ನು ಹಾಕಿ ಕೂತು ತನ್ನ ಪಂಜ ನೆಕ್ಕಿಕೊಳ್ಳತೊಡಗಿತು. ಮೊಲ ಕಾಲು ಚಾಚಿ ಹೊಟ್ಟೆಯ ಮೇಲೆ ಮಲಗಿತು. “ಅಜ್ಜಿ, ಶ್ಶ್,” ಎಂದಳು ಮೊಮ್ಮಗಳು. ನಾನು ಉಸಿರೂ ಬಿಡುತ್ತಿರಲಿಲ್ಲ. ಈಗಲೂ ಯಾರೂ ಇಲ್ಲದಾಗ ಅವು ಬೇರೆ ಬೇರೆ ಕೋಣೆಯಲ್ಲೇ ಇರುತ್ತವೆ. ಎಷ್ಟೇ ಹೊಂದಿಕೊಂಡರೂ ಅದು ನಿಯಮ.

ಬೇಸಿಗೆ ಮುಗಿಯುತ್ತ ಬಂದಾಗ ಒಂದು ಭಾನುವಾರ ಪಕ್ಕದ ಊರು ಸರಟೋಗಾದಿಂದ ಹುಬ್ಬಳ್ಳಿ ಕಡೆಯ ಗೆಳತಿಯೊಬ್ಬಳು ಊಟಕ್ಕೆ ಬಂದಳು. ನನ್ನ ವಾರಿಗೆಯವಳು, ಬಾಯಿ ಜೋರು. ಬೇಲಿಯೊಳಗಿನ ಮೊಲವನ್ನು ನೋಡಿದಳು. ಅರಿಶಿನದ ಬಣ್ಣ ಮಾಸಿತ್ತು, ಹೋಗಿರಲಿಲ್ಲ.

“ಇದೇನವಾ, ಮೊಲಕ್ಕ ಅರಿಶಿಣದ ಶಾಸ್ತ್ರ ಮಾಡೀರಿ? ಮದಿವಿ ಯಾರ ಜೋಡಿ, ಆ ಬೆಕ್ಕಿನ ಜೋಡಿ?”

ಎಲ್ಲರೂ ನಕ್ಕರು. ಮಗಳು, ಗಾಯವಾಗಿತ್ತು ಎಂದಳು. ಹೆಚ್ಚು ಹೇಳಲಿಲ್ಲ.

“ಮತ್ತ, ಬೆಕ್ಕು ಸಾಕಿದ್ರ ಇನ್ನೇನ್ ಆಗ್ತದ? ಅದರ ಜಾತೀನ ಹಂಗ. ಕಳಿಸಿಬಿಡ್ರಿ ಮೊದಲ ಅದನ್ನ.”

ಮೊಮ್ಮಗಳು ಮೆಟ್ಟಿಲ ಮೇಲೆ ಬೆಕ್ಕನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ತಲೆಯೆತ್ತಿ ತನ್ನ ಕನ್ನಡದಲ್ಲಿ ಹೇಳಿದಳು: “ಬೆಕ್ಕಿಂದು ತಪ್ಪು ಅಲ್ಲ.”

“ಮತ್ಯಾರದು?”

ಅವಳು ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಬಗ್ಗಿ ಬೆಕ್ಕಿನ ಕಿವಿಯ ಹಿಂದೆ ಕೆರೆಯುತ್ತ ಕೂತಳು. ಮುಚ್ಚಿಡುವುದೋ ಹೇಳುವುದೋ ನನಗೇ ಬಿಟ್ಟುಕೊಟ್ಟಿದ್ದಳು. ನನ್ನ ವಸತಿನಿಲಯದ ಯಾವ ಹುಡುಗಿಗೂ ನಾನು ಅಷ್ಟು ಕರುಣೆ ತೋರಿಸಿದ್ದು ನೆನಪಿಲ್ಲ.

ನಾನು ಸಾರಿನ ಸೌಟನ್ನು ಕೆಳಗಿಟ್ಟೆ. ಕೈ ಎತ್ತಿದೆ, ಹೆಗಲಿಗಿಂತ ಮೇಲಕ್ಕೆ, ಬೆರಳು ಕೂಡಿಸಿ, ಸಾಲಿನಲ್ಲಿ ನಿಂತ ಹುಡುಗಿಯರು ಎತ್ತುತ್ತಿದ್ದ ಹಾಗೆ.

ಗೆಳತಿ ನನ್ನ ಚೇಷ್ಟೆ ಎಂದುಕೊಂಡು ಮತ್ತೆ ನಕ್ಕಳು. ಯಾರೂ ಜೊತೆ ನಗದಿದ್ದಾಗ ನಿಲ್ಲಿಸಿದಳು. ಬೂಟಿನ ದಾರದಿಂದ ಎಲ್ಲವನ್ನೂ ಹೇಳಬೇಕಾಯಿತು. ನಡುವೆ ಸಾರು ಆರಿತು. ಯಾರೂ ಬಿಸಿ ಮಾಡಲು ಏಳಲಿಲ್ಲ.